ಅಂಗಳದ ಚುಕ್ಕಿ, ಆಕಾಶದ ಚುಕ್ಕಿ: ಕೃತ್ತಿಕೆಯ ಚಿತ್ರಣದಲ್ಲಿ ನೋಟದ ನೆಲೆ

ಜನಪದರು ನೆಲದ ಮೇಲೆ ನಿಂತು ಮುಗಿಲನ್ನು ನೋಡುವವರು, ಮುಗಿಲಿನಾಚೆ ನಿಂತು ನೆಲವನ್ನು ಕಲ್ಪಿಸಿಕೊಳ್ಳುವ ಶಕ್ತಿ ಆಧುನಿಕ ವಿಜ್ಞಾನಕ್ಕೆ ಮಾತ್ರ ಸೇರಿದ್ದು ಎಂಬ ಗ್ರಹಿಕೆಯೊಂದು ಕನ್ನಡದ ಜಾನಪದ ಅಧ್ಯಯನದಲ್ಲಿ ಸದ್ದಿಲ್ಲದೆ ನೆಲೆನಿಂತಿದೆ. 'ಮಣ್ಣಿನ ಮಕ್ಕಳು' ಎಂಬ ಮೆಚ್ಚುಗೆಯ ಮಾತೂ ಅದೇ ಗ್ರಹಿಕೆಯ ಇನ್ನೊಂದು ಮುಖ. ಮಣ್ಣಿಗೆ ಹತ್ತಿರ ಎಂದು ಹೊಗಳುವಾಗಲೇ ಆಕಾಶಕ್ಕೆ ದೂರ ಎಂದು ಬರೆದಿಟ್ಟಂತಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ದೃಶ್ಯ ಪರಂಪರೆಯನ್ನು ಕೃತ್ತಿಕೆ ಎಂಬ ಒಂದೇ ನಕ್ಷತ್ರಪುಂಜದ ನೆಪದಲ್ಲಿ ನೋಡಿದರೆ ಈ ಗ್ರಹಿಕೆ ಎಷ್ಟು ದುರ್ಬಲವೆಂಬುದು ತಿಳಿಯುತ್ತದೆ. ರಂಗೋಲಿಯಲ್ಲಿ ಇಂದಿನ ಖಗೋಳ ವಿಜ್ಞಾನವೆಲ್ಲ ಅಡಗಿದೆ ಎಂದು ಸಾರುವ ಇನ್ನೊಂದು ಬಗೆಯ ಉತ್ಸಾಹವೂ ಅಷ್ಟೇ ದುರ್ಬಲವೆಂಬುದು ಜೊತೆಜೊತೆಗೇ ಸ್ಪಷ್ಟವಾಗುತ್ತದೆ.

ಮೊದಲಿಗೆ ಒಂದು ಪದದ ವಿಚಾರ. ಕನ್ನಡದಲ್ಲಿ 'ಚುಕ್ಕಿ' ಎಂದರೆ ಬಿಂದುವೂ ಹೌದು, ನಕ್ಷತ್ರವೂ ಹೌದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಈ ಎರಡೂ ಅರ್ಥಗಳನ್ನು ದಾಖಲಿಸಿದೆ. ಬೆಳ್ಳಿ ಚುಕ್ಕಿ ಮೂಡುವ ಹೊತ್ತಿಗೆ ಎದ್ದ ಹೆಣ್ಣುಮಗಳು ಸಗಣಿ ನೀರು ಹಾಕಿ ಸಾರಿಸಿದ ಅಂಗಳದಲ್ಲಿ ಚುಕ್ಕಿ ಇಡುತ್ತಾಳೆ. ಆಡುವ ಮಾತಿನ ಮಟ್ಟದಲ್ಲಿ ಆಕೆ ಮಾಡುತ್ತಿರುವುದು ನೆಲಕ್ಕೆ ನಕ್ಷತ್ರಗಳನ್ನು ಇಳಿಸುವ ಕೆಲಸವೇ. ಇದನ್ನು ಕೇವಲ ಶ್ಲೇಷೆಯೆಂದು ತಳ್ಳಿಹಾಕಬಹುದು. ಆದರೆ ಆಕೆಯ ದೇಹದ ಭಂಗಿಯನ್ನು ಗಮನಿಸಬೇಕು. ಸೊಂಟ ಬಾಗಿಸಿ, ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಬಿಡುತ್ತ, ಆಕೆ ಚುಕ್ಕಿಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾಳೆ. ಆಕಾಶದ ಚುಕ್ಕಿಗಳನ್ನು ಹಾಗೆ ನೋಡಬೇಕಾದರೆ ಅವುಗಳಿಂದಾಚೆಗೆ ಹೋಗಿ ನಿಲ್ಲಬೇಕು.

ಕೃತ್ತಿಕೆಯನ್ನೇ ಆಯ್ದುಕೊಳ್ಳುವುದಕ್ಕೆ ಕಾರಣವಿದೆ. ಬರಿಗಣ್ಣಿಗೆ ಗುಂಪು ಎಂದು ಕಾಣುವ ನಕ್ಷತ್ರಪುಂಜಗಳಲ್ಲಿ ಇದಕ್ಕಿಂತ ಪರಿಚಿತವಾದದ್ದು ಇನ್ನೊಂದಿಲ್ಲ. ಪಂಚಾಂಗದ ಪರಂಪರೆ ಇದಕ್ಕೆ ಆರು ನಕ್ಷತ್ರ, ಕ್ಷೌರದ ಕತ್ತಿಯ ಆಕಾರ, ಅಗ್ನಿ ಅಧಿದೇವತೆ ಎಂದು ಹೇಳುತ್ತದೆ. ತೈತ್ತಿರೀಯ ಸಂಹಿತೆಯಲ್ಲಿ ಕೃತ್ತಿಕೆಯರ ಹೆಸರುಗಳು ಏಳು. ಅವುಗಳಲ್ಲಿ ಅಭ್ರಯಂತಿ, ಮೇಘಯಂತಿ, ವರ್ಷಯಂತಿ ಎಂಬ ಮೂರು ನೇರವಾಗಿ ಮೋಡಕ್ಕೂ ಮಳೆಗೂ ಸೇರಿದವು. ಮಹಾಭಾರತದ ವನಪರ್ವದ ಕಥೆಯಲ್ಲಿ ಅವರು ಸಪ್ತರ್ಷಿಗಳ ಆರು ಮಂದಿ ಹೆಂಡಿರು. ಮಾಡದ ತಪ್ಪಿಗೆ ಗಂಡಂದಿರಿಂದ ಪರಿತ್ಯಕ್ತರಾಗಿ, ಸ್ಕಂದನ ತಾಯಂದಿರೆನಿಸಿ ಆಕಾಶದಲ್ಲಿ ಸ್ಥಾನ ಪಡೆದವರು. ಏಳನೆಯವಳಾದ ಅರುಂಧತಿ ಮಾತ್ರ ಗಂಡನ ಬಳಿಯೇ ಉಳಿದಳು. ಮದುವೆಯಲ್ಲಿ ಹೊಸ ಜೋಡಿಗೆ ಅರುಂಧತಿಯನ್ನು ತೋರಿಸುವ ಶಾಸ್ತ್ರ ಇಂದಿಗೂ ನಡೆಯುತ್ತದೆ. ಮನೆಯಿಂದ ಹೊರಬಿದ್ದ ಆರು ಮಂದಿಯನ್ನು ತೋರಿಸುವ ಶಾಸ್ತ್ರ ಯಾವುದೂ ಇಲ್ಲ. ಹೊಸಿಲಿನ ಹೊರಗಿನ ಜಾಗದಲ್ಲಿ ಚುಕ್ಕಿ ಇಡುವ ಕೈ ಹೆಣ್ಣಿನದೇ ಎಂಬುದನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಿದಾಗ ಉಂಟಾಗುವ ಧ್ವನಿ ಪ್ರಮಾಣವಲ್ಲ. ಆದರೂ ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ವಿಮರ್ಶೆಗೆ ಶೋಭಿಸದು.

ಈ ಪ್ರದೇಶದ ರೈತರ ಬಾಯಲ್ಲಿ ಕೃತ್ತಿಕೆ ಎಂಬುದು ಮೊದಲಿಗೆ ಒಂದು ಮಳೆಯ ಹೆಸರು. ಭರಣಿ ಮಳೆ ಮುಗಿದು ಮೇ ತಿಂಗಳ 11ರ ಸುಮಾರಿಗೆ ಕೃತ್ತಿಕೆ ಹುಟ್ಟುತ್ತದೆ. ಹದಿನಾಲ್ಕು ದಿನ ನಡೆದು ರೋಹಿಣಿಗೆ ಜಾಗ ಬಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಮಳೆಗೆ ಕೃತ್ತಿಕೆಯ ಹೆಸರು ಬರುವುದು ಸೂರ್ಯ ಆ ನಕ್ಷತ್ರದಲ್ಲಿ ಇರುವುದರಿಂದ. ಸೂರ್ಯನೇ ಅಲ್ಲಿರುವಾಗ ಕೃತ್ತಿಕೆ ಕಾಣುವುದಾದರೂ ಹೇಗೆ? ಮೇ ತಿಂಗಳ ಬಹುಭಾಗ ಆ ಗುಂಪು ಸೂರ್ಯನ ಬೆಳಕಿನಲ್ಲಿ ಮುಳುಗಿ ಅಗೋಚರವಾಗಿರುತ್ತದೆ. ಅಂದರೆ ಉಳುವವನು ಕೃತ್ತಿಕೆ ಬಂತೆಂದು ಹೇಳುವ ದಿನಗಳಲ್ಲಿಯೇ ಕೃತ್ತಿಕೆ ಅವನ ಕಣ್ಣಿಗೆ ಬೀಳದು.

ಇನ್ನೊಂದು ಸಂದರ್ಭ ಕಾರ್ತಿಕ ಮಾಸ. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲಿ ಇರುವುದರಿಂದಲೇ ತಿಂಗಳಿಗೆ ಆ ಹೆಸರು. ಸಂಜೆ ಮೂಡಣದಲ್ಲಿ ಗುಂಪು ಏಳುವುದು ನಿಜ. ಆದರೆ ಹುಣ್ಣಿಮೆಯ ದಿನ ಪಕ್ಕದಲ್ಲೇ ಚಂದ್ರನಿರುವಾಗ ಆರು ಸಣ್ಣ ಬೆಳಕುಗಳನ್ನು ಎಣಿಸುವುದು ಕಷ್ಟ. ಹೀಗೆ ಕೃತ್ತಿಕೆಯ ಹೆಸರು ಊರಿನ ಬಾಯಲ್ಲಿ ಬರುವ ಎರಡು ಮುಖ್ಯ ಸಂದರ್ಭಗಳಲ್ಲಿ, ಒಮ್ಮೆ ಸೂರ್ಯನಿಂದ, ಇನ್ನೊಮ್ಮೆ ಚಂದ್ರನಿಂದ, ಕೃತ್ತಿಕೆ ಮರೆಯಾಗಿರುತ್ತದೆ. ಆಗ ಕಾಣುವುದು ನೆಲದ ಮೇಲೆ ಮಾಡಿದ ಪ್ರತಿರೂಪ ಮಾತ್ರ: ದೇವಾಲಯದ ದೀಪಸ್ತಂಭ, ತುಳಸಿಕಟ್ಟೆಯ ಹಣತೆ, ಅಂಗಳದ ಚುಕ್ಕಿ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಹಚ್ಚಿದ ದೀಪಗಳನ್ನು ಯೋಗನರಸಿಂಹನ ಬೆಟ್ಟದಿಂದ ಇಳಿಗಣ್ಣಿನಲ್ಲಿ ನೋಡುವವರಿಗೆ ನಕ್ಷತ್ರಗಳು ಕಾಲ ಕೆಳಗೆ ಇರುವ ಅನುಭವಕ್ಕೆ ಬೇರೆ ಉಪಕರಣ ಬೇಕಾಗದು. ಕಾಣದ ಪುಂಜವನ್ನು ಕಾಣುವಂತೆ ಮಾಡುವುದು ಆಚರಣೆಯ ಕೆಲಸವಾದರೆ, ಅದನ್ನು ಮೇಲಿನಿಂದ ಕಾಣುವಂತೆ ಮಾಡುವುದು ಅದರ ವಿಶೇಷ.

ಈ 'ಮೇಲಿನಿಂದ' ಎಂಬುದು ಕೇವಲ ಕಾವ್ಯದ ಮಾತಲ್ಲ, ಅದನ್ನು ಪರೀಕ್ಷಿಸಲು ಬರುತ್ತದೆ. ಬಡಗಣಕ್ಕೆ ತಲೆ ಮಾಡಿ ಅಂಗಾತ ಮಲಗಿ ಆಕಾಶ ನೋಡುವವನಿಗೆ ಮೂಡಣ ಎಡಗೈಗೆ ಬರುತ್ತದೆ. ಬಡಗಣಕ್ಕೆ ಮುಖಮಾಡಿ ನಿಂತು ನೆಲ ನೋಡುವವನಿಗೆ ಅದು ಬಲಗೈಗೆ ಬರುತ್ತದೆ. ಆಕಾಶದ ನಕ್ಷೆಗೂ ಭೂಮಿಯ ನಕ್ಷೆಗೂ ಇರುವ ಈ ಎಡ-ಬಲದ ವ್ಯತ್ಯಾಸ ನಕ್ಷತ್ರ ವೀಕ್ಷಣೆಯನ್ನು ಕಲಿಯುವವರನ್ನು ಮೊದಲ ದಿನವೇ ಗೊಂದಲಕ್ಕೆ ಕೆಡಹುತ್ತದೆ. ಆದ್ದರಿಂದ ಆಕಾಶದ ಯಾವುದೇ ಚಿತ್ರವನ್ನು ದಿಕ್ಕು ಕೆಡದಂತೆ ನೆಲದ ಮೇಲೆ ಬರೆದರೆ ಅದು ನಾವು ಕಾಣುವ ಆಕಾಶದ ಕನ್ನಡಿಬಿಂಬವಾಗುತ್ತದೆ. ನಕ್ಷತ್ರಗಳ ಆಚೆ ಬದಿಯಲ್ಲಿ ನಿಂತು ಭೂಮಿಯ ಕಡೆಗೆ ನೋಡುವವನಿಗೆ ಕಾಣುವ ಚಿತ್ರವಾಗುತ್ತದೆ. ಖಗೋಳವನ್ನು ಗೋಳದ ಹೊರಮೈ ಮೇಲೆ ಬರೆದವರಿಗೆಲ್ಲ ಈ ತೊಡಕು ಎದುರಾಗಿದೆ.

ನವಗ್ರಹ ಪೂಜೆಯ ರಂಗಮಂಡಲವನ್ನು ಈ ದೃಷ್ಟಿಯಿಂದ ನೋಡಬೇಕು. ನಡುವೆ ಸೂರ್ಯ, ಮೂಡಣಕ್ಕೆ ಶುಕ್ರ, ಆಗ್ನೇಯಕ್ಕೆ ಚಂದ್ರ, ತೆಂಕಣಕ್ಕೆ ಮಂಗಳ, ನೈಋತ್ಯಕ್ಕೆ ರಾಹು, ಪಡುವಣಕ್ಕೆ ಶನಿ, ವಾಯವ್ಯಕ್ಕೆ ಕೇತು, ಬಡಗಣಕ್ಕೆ ಗುರು, ಈಶಾನ್ಯಕ್ಕೆ ಬುಧ. ಒಂಬತ್ತು ಮನೆಗಳನ್ನು ನಿಜವಾದ ದಿಕ್ಕಿಗೆ ಹೊಂದಿಸಿ ಬರೆಯಲಾಗುತ್ತದೆ. ಬರೆಯುವವರ ಕಣ್ಣು ಮೇಲಿದೆ, ಗ್ರಹಗಳು ಕೆಳಗಿವೆ. ಆಕಾಶಕ್ಕೆ ಸಂಬಂಧಿಸಿದ ಇಂಥದೊಂದು ಬರಹವನ್ನು ಭೂಮಿಯ ಮೇಲಿನ ನೋಡುಗನ ಕಣ್ಣಿಗೆ ಒಪ್ಪುವಂತೆ ಎಡ-ಬಲ ತಿರುಗಿಸುವ ಅಗತ್ಯ ಯಾರಿಗೂ ಕಂಡಿಲ್ಲ. ಆದರೆ ಈ ಮಂಡಲ ಪುರೋಹಿತರ ಮಾರ್ಗದರ್ಶನದಲ್ಲಿ ಬರುವಂಥದು, ಜನಪದರ ಸ್ವಂತ ರಚನೆಯಲ್ಲ ಎಂಬ ಆಕ್ಷೇಪ ಸಹಜ. ಆ ಆಕ್ಷೇಪದಲ್ಲಿ ಹುರುಳಿದೆ. ಶಾಸ್ತ್ರ ಮತ್ತು ಜನಪದದ ನಡುವಿನ ಗೆರೆ ಅಂಗಳದಲ್ಲಿ ಅಷ್ಟು ಖಚಿತವಲ್ಲ ಎಂಬ ಮಾತನ್ನಷ್ಟೇ ಅದಕ್ಕೆ ಉತ್ತರವಾಗಿ ಹೇಳಬಹುದು. ರಥಸಪ್ತಮಿಯ ದಿನ ರಥ ಬರೆಯುವ ಕೈ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಚುಕ್ಕಿ ರಂಗೋಲಿಯ ವಿಷಯ ಇನ್ನೂ ಕುತೂಹಲಕರ. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಡುವ ಕ್ರಮದಲ್ಲಿ ಅತ್ಯಂತ ಚಿಕ್ಕ ರಚನೆ ಮೂರರಿಂದ ಎರಡರದು: ಎರಡು, ಮೂರು, ಎರಡು. ಒಟ್ಟು ಏಳು ಚುಕ್ಕಿ. ಒಂದರ ಸುತ್ತ ಆರು. ಗೆರೆ ಎಳೆದ ಮೇಲೆ ನಡುವಿನ ಚುಕ್ಕಿ ಹೂವಿನ ಹೊಕ್ಕುಳಾಗಿ ಮರೆಯಾಗುತ್ತದೆ, ಹೊರಗಿನ ಆರು ದಳಗಳಾಗುತ್ತವೆ. ಏಳರಿಂದ ನಾಲ್ಕಕ್ಕೆ ಇಳಿಸಿದರೆ ಅದೇ ಆರು ಮೂಲೆಯ ರಚನೆ 37 ಚುಕ್ಕಿಗಳಿಗೆ ಬೆಳೆಯುತ್ತದೆ. ಸುಬ್ರಹ್ಮಣ್ಯನಿಗೆ ಸಲ್ಲುವ ಷಟ್ಕೋನ ಇದೇ ಜಾಲದಿಂದ ಏಳುತ್ತದೆ ಮತ್ತು ಆ ದೇವರ ಆರು ತಾಯಂದಿರೇ ಕೃತ್ತಿಕೆಯರು. ಇಷ್ಟನ್ನು ಹಿಡಿದು 'ಆರೋ ಏಳೋ' ಎಂಬ ಕೃತ್ತಿಕೆಯ ಹಳೆಯ ಒಗಟಿಗೆ ರಂಗೋಲಿಯೇ ಉತ್ತರ ಎಂದು ಘೋಷಿಸಲು ನಾಲಗೆ ತುಡಿಯುತ್ತದೆ. ತಡೆಯಬೇಕು. ಆರು ಸಮ ವೃತ್ತಗಳು ಒಂದು ವೃತ್ತವನ್ನು ಸುತ್ತುವರಿಯುವುದು ಜ್ಯಾಮಿತಿಯ ಸಹಜ ಗುಣ; ಜೇನುಗೂಡೂ ಅದನ್ನೇ ಪಾಲಿಸುತ್ತದೆ. ಕೃತ್ತಿಕೆಯ ಆಕಾರವನ್ನೇ ಯಥಾವತ್ತಾಗಿ ಬರೆಯುವ ರಂಗೋಲಿ ಸಂಪ್ರದಾಯವೊಂದು ಈ ತಾಲ್ಲೂಕುಗಳಲ್ಲಿ ಇದೆಯೆಂದು ಸಾಧಿಸುವುದು ಈ ಪ್ರಬಂಧದ ಉದ್ದೇಶವಲ್ಲ. ಆಕಾಶದ ಕೃತ್ತಿಕೆ ಸಮಮಿತಿಯುಳ್ಳದ್ದಲ್ಲ. ಅದು ಹಿಡಿಯುಳ್ಳ ಪುಟ್ಟ ಸೌಟಿನಂತೆ ಒಂದು ಕಡೆಗೆ ವಾಲಿದೆ. ಚುಕ್ಕಿ ರಂಗೋಲಿ ಬಹುಪಾಲು ಸಮಮಿತಿಯದು. ಕನ್ನಡಿಯಲ್ಲಿ ಹಿಡಿದರೂ ಅದು ಬದಲಾಗದು. ಎಂದರೆ ಈಚೆಯಿಂದ ನೋಡಿದರೂ ಆಚೆಯಿಂದ ನೋಡಿದರೂ ಅದು ಒಂದೇ. ನೋಟದ ನೆಲೆ ಯಾವುದು ಎಂಬ ಪ್ರಶ್ನೆಯನ್ನೇ ಅದು ಇಲ್ಲವಾಗಿಸಿದೆ. ಆಚೆ ಬದಿಯ ನೋಟವನ್ನು ಬರೆಯುವುದು ಒಂದು ಸಾಧನೆಯಾದರೆ, ಬದಿಯೇ ಇಲ್ಲದ ಚಿತ್ರವನ್ನು ಬರೆಯುವುದು ಬೇರೆಯೇ ಬಗೆಯ ಸಾಧನೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇದೇ ಪ್ರದೇಶದ ಶಿಲ್ಪದಲ್ಲಿ ನೋಟದ ನೆಲೆಯ ಪ್ರಶ್ನೆ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ನವರಂಗದಲ್ಲಿ ಕತ್ತೆತ್ತಿ ನೋಡಬೇಕಾದ ಭುವನೇಶ್ವರಿಗಳಿವೆ. ಕಿಕ್ಕೇರಿಯ ಬ್ರಹ್ಮೇಶ್ವರ 1171ರಷ್ಟು ಹಿಂದಿನದು. ಅದಕ್ಕೂ ಹಳೆಯದಾದ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಛತ್ತಿನಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಛತ್ತಿನ ಮೇಲೆ ದಿಕ್ಪಾಲಕರನ್ನು ನಿಲ್ಲಿಸುವ ಶಿಲ್ಪಿಗೆ ಒಂದು ಆಯ್ಕೆ ಎದುರಾಗುತ್ತದೆ. ಇಂದ್ರ ನಿಜವಾದ ಮೂಡಣದಲ್ಲಿ, ಯಮ ನಿಜವಾದ ತೆಂಕಣದಲ್ಲಿ ಇರಬೇಕೆಂದರೆ, ಕೆಳಗೆ ನಿಂತು ನೋಡುವ ಭಕ್ತನ ಕಣ್ಣಿಗೆ ಇಂದ್ರ, ಅಗ್ನಿ, ಯಮ, ನಿರುತಿ ಎಂಬ ಸಾಲು ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಅದೇ ಸಾಲು ಪ್ರದಕ್ಷಿಣೆಯಾಗಿ ಕಾಣಬೇಕಾದರೆ ನೋಡುವವನು ಛಾವಣಿಯ ಮೇಲಿರಬೇಕು, ಕಲ್ಲು ಪಾರದರ್ಶಕವಾಗಿರಬೇಕು. ದಿಕ್ಕನ್ನು ಕಾಯ್ದುಕೊಂಡ ಛತ್ತು ಕೆಳಗಿನವರಿಗಾಗಿ ಕೆತ್ತಿದ್ದಾದರೂ ಅದರ ಕ್ರಮ ಸರಿಯೆನಿಸುವುದು ಮೇಲಿನವನಿಗೆ. ಅಂಗಳದ ರಂಗಮಂಡಲವನ್ನೂ ಛತ್ತಿನ ದಿಕ್ಪಾಲಕರನ್ನೂ ಒಂದೇ ಕಣ್ಣು ನೋಡುತ್ತಿದೆ. ಅದು ಇವೆರಡಕ್ಕಿಂತಲೂ ಮೇಲಿದೆ. ಶಿಷ್ಟ-ಜಾನಪದ ಎಂಬ ವಿಭಜನೆಯಲ್ಲಿ ಇವೆರಡೂ ಬೇರೆ ಬೇರೆ ಗ್ರಂಥಗಳಿಗೆ ಹಂಚಿಹೋಗಿರುವುದರಿಂದ ಈ ಸಂಬಂಧ ಗಮನಕ್ಕೆ ಬರದೆ ಉಳಿದಿದೆ.

ವರ್ಣಚಿತ್ರದ ಕಡೆಗೆ ಬಂದರೆ ಶ್ರೀರಂಗಪಟ್ಟಣವನ್ನು ಬಿಟ್ಟು ಮಾತಾಡುವಂತಿಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಚೌಕಾಕಾರವಾಗಿ ನಿಂತ ಬ್ರಿಟಿಷ್ ಪಡೆ, ನಡುವೆ ಪಲ್ಲಕ್ಕಿಯಲ್ಲಿ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲು ಸಾಲಾಗಿ ಕುದುರೆಗಳು. ಈ ಚಿತ್ರದಲ್ಲಿ ದಿಗಂತಕ್ಕೆ ಪ್ರಾಧಾನ್ಯವಿಲ್ಲ, ಒಂದೇ ಬಿಂದುವಿಗೆ ಕೂಡುವ ಗೆರೆಗಳಿಲ್ಲ. ಕಣ್ಣು ಎಲ್ಲೋ ಎತ್ತರದಲ್ಲಿದ್ದು ರಣರಂಗವನ್ನು ಹಾಸಿದಂತೆ ನೋಡುತ್ತದೆ. ಆದರೆ ಕುದುರೆಗಳನ್ನು ಪಕ್ಕದಿಂದಲೇ ನೋಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬಣ್ಣ ತುಂಬಲಾದ ಈ ಚಿತ್ರದಲ್ಲಿ ಮೂಲದ ಕುಂಚ ಎಷ್ಟೆಂಬುದು ಬೇರೆಯೇ ಚರ್ಚೆ. ರಚನೆಯಂತೂ ಯುರೋಪಿನ ನೋಟಕ್ರಮಕ್ಕೆ ಬಾಗಿಲ್ಲ. ಅದೇ ಊರಿನಲ್ಲಿ 1794ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಗ್ರಹನಿಧಿ ಎಂಬ ಭಾಗವೇ ಇದೆ. ಅಲ್ಲಿ ಆಕಾಶಕಾಯಗಳು ಮುಖ, ಕೈ, ವಾಹನವುಳ್ಳ ಮೂರ್ತಿಗಳು. ಅರಮನೆಯ ಚಿತ್ರಕಾರ ನಕ್ಷತ್ರವನ್ನು ವ್ಯಕ್ತಿಯನ್ನಾಗಿ ಕಂಡ, ಅಂಗಳದ ಹೆಂಗಸು ಬಿಂದುವನ್ನಾಗಿ ಕಂಡಳು. ಇಂದಿನ ಖಗೋಳ ಚಿತ್ರಣಕ್ಕೆ ಹತ್ತಿರವಿರುವುದು ಯಾರ ಕ್ರಮ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಚಿತ್ರಣದ ಕಡೆಗೂ ಸ್ವಲ್ಪ ನೋಡಬಹುದು. 1610ರಲ್ಲಿ ಗೆಲಿಲಿಯೊ ದೂರದರ್ಶಕದ ಮೂಲಕ ಕಂಡ ಕೃತ್ತಿಕೆಯನ್ನು ಬರೆದು ಪ್ರಕಟಿಸಿದಾಗ ಬರಿಗಣ್ಣಿನ ಆರನ್ನು ದೊಡ್ಡದಾಗಿಯೂ ಹೊಸದಾಗಿ ಕಂಡ ಮೂವತ್ತನ್ನು ಸಣ್ಣದಾಗಿಯೂ ಗುರುತಿಸಿದ. ಅಲ್ಲಿ ಕಣ್ಣಿನ ಬಲ ಹೆಚ್ಚಿತೇ ಹೊರತು ಕಣ್ಣಿನ ಜಾಗ ಬದಲಾಗಲಿಲ್ಲ. ಜಾಗ ಬದಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಲೂಸಿಯಾನ್ ರುಡೊ, ಅನಂತರ ಅಮೆರಿಕದ ಚೆಸ್ಲಿ ಬಾನ್‌ಸ್ಟೆಲ್ ಅನ್ಯಲೋಕದ ನೆಲದಲ್ಲಿ ನಿಂತವನ ಕಣ್ಣಿನಿಂದ ಆಕಾಶವನ್ನು ಬರೆದರು. ಬಾನ್‌ಸ್ಟೆಲ್ 1944ರಲ್ಲಿ ಪ್ರಕಟಿಸಿದ, ಟೈಟನ್‌ನಿಂದ ಕಾಣುವ ಶನಿಯ ಚಿತ್ರ ಈ ಪ್ರಕಾರದ ಪ್ರಸಿದ್ಧ ಉದಾಹರಣೆ. ಆ ಚಿತ್ರದ ಗುಣವನ್ನು ಒಪ್ಪಿಕೊಂಡೂ ಒಂದು ಮಾತು ಹೇಳಬೇಕು. ಶನಿಯ ಉಪಗ್ರಹಕ್ಕೆ ಹೋದರೂ ಅಲ್ಲಿರುವುದು ಬಂಡೆ, ಕಣಿವೆ, ದಿಗಂತ. ನೆಲದ ಮೇಲೆ ನಿಂತು ಮುಗಿಲನ್ನು ನೋಡುವ ಪಾಶ್ಚಾತ್ಯ ಭೂದೃಶ್ಯದ ಅಭ್ಯಾಸ ಅಷ್ಟು ದೂರವೂ ಜೊತೆಗೇ ಪಯಣಿಸಿದೆ. ಜನಪದರ ಮೇಲೆ ಹೊರಿಸಿದ 'ನೆಲಕ್ಕಂಟಿದ ನೋಟ' ಎಂಬ ಆರೋಪ ನಿಜಕ್ಕೂ ತಾಗುವುದು ಇಲ್ಲಿಗೆ.

ಕೃತ್ತಿಕೆಯ ಒಳಗೇ ಹೋಗಿ ನಿಂತರೆ ಏನು ಕಾಣುತ್ತದೆ? ಸುಮಾರು 10 ಕೋಟಿ ವರ್ಷ ವಯಸ್ಸಿನ, ಸಾವಿರಕ್ಕೂ ಮಿಕ್ಕಿದ ನಕ್ಷತ್ರಗಳ ಗುಂಪು ಅದು. ನೀಲಿ ನಕ್ಷತ್ರಗಳು ಕೆಲವೇ ಜ್ಯೋತಿರ್ವರ್ಷಗಳ ದೂರದಲ್ಲಿ, ನಮ್ಮ ಶುಕ್ರನಿಗಿಂತ ಪ್ರಖರವಾಗಿ ಬೆಳಗುತ್ತವೆ. ಅದರ ದೂರದ ವಿಷಯದಲ್ಲಿಯೇ ಒಂದು ವಿವಾದ ನಡೆದಿತ್ತು. 1990ರ ದಶಕದ ಹಿಪಾರ್ಕಸ್ ಉಪಗ್ರಹದ ಮಾಪನ 400 ಜ್ಯೋತಿರ್ವರ್ಷಕ್ಕೂ ಕಡಿಮೆ ಎಂದಿತು. 2014ರ ರೇಡಿಯೊ ಮಾಪನವೂ ಅನಂತರದ ಗಾಯಾ ಉಪಗ್ರಹವೂ ಸುಮಾರು 440 ಎಂದು ಸ್ಥಿರಪಡಿಸಿದವು. ಒಂದೊಂದು ನಕ್ಷತ್ರದ ದೂರವೂ ಬೇರೆಬೇರೆಯಾಗಿ ಅಳೆಯಲು ಬಂದಿರುವುದರಿಂದ ಆಚೆ ಬದಿಯ ಕೃತ್ತಿಕೆಯ ಚಿತ್ರವನ್ನು ಈಗ ಊಹೆಯಿಂದಲ್ಲದೆ ಲೆಕ್ಕದಿಂದಲೇ ಬರೆಯಬಹುದು. ಆ ಲೆಕ್ಕದಲ್ಲಿ ಸೂರ್ಯನ ಸ್ಥಾನ ಎಲ್ಲಿ? ಅಷ್ಟು ದೂರಕ್ಕೆ ಸೂರ್ಯನ ಕಾಂತಿಮಾನ ಹತ್ತನ್ನು ದಾಟುತ್ತದೆ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಸೂರ್ಯನನ್ನು ನಡುಮನೆಯಲ್ಲಿ ಕೂರಿಸಿದ ನವಗ್ರಹ ಮಂಡಲ ಈ ಚಿತ್ರಕ್ಕೆ ಸಮನಲ್ಲ. ರಂಗೋಲಿ ಆಚೆಗೆ ಹೋದರೂ ತನ್ನ ಮನೆಯ ಬೆಳಕನ್ನು ಬಿಟ್ಟುಹೋಗುವುದಿಲ್ಲ. ಇದು ಅದರ ಮಿತಿ. ಅಂಗಳದಲ್ಲಿ ಹುಟ್ಟಿದ ಕಲೆಗೆ ಸಹಜವಾದ ಮಿತಿ.

ಈ ಪರಂಪರೆಯ ಇಂದಿನ ಸ್ಥಿತಿಯನ್ನು ಕುರಿತು ಹೇಳುವಾಗ ನಾಲ್ಕು ತಾಲ್ಲೂಕುಗಳನ್ನು ಒಂದಾಗಿ ನೋಡಲಾಗದು. ಚಿಕ್ಕದೇವರಾಜ ನಾಲೆಯ ಕಾಲದಿಂದಲೂ ಕಾವೇರಿಯ ನೀರು ಕಂಡ ಶ್ರೀರಂಗಪಟ್ಟಣಕ್ಕೂ, 1930ರ ದಶಕದಿಂದ ಕನ್ನಂಬಾಡಿಯ ನಾಲೆಯನ್ನು ನಂಬಿದ ಪಾಂಡವಪುರದ ಬಯಲಿಗೂ ಮಳೆ ನಕ್ಷತ್ರದ ಲೆಕ್ಕ ಹಿಂದಿನಷ್ಟು ಅನಿವಾರ್ಯವಲ್ಲ. ನಾಲೆಗೆ ನೀರು ಬಿಡುವ ದಿನವೇ ಅಲ್ಲಿ ಹೊಸ ನಕ್ಷತ್ರ. ಹೇಮಾವತಿಯ ದಡದ ಕೃಷ್ಣರಾಜಪೇಟೆ ಎರಡರ ನಡುವೆ ಇದೆ. ಬಹುಪಾಲು ಮಳೆ ಮತ್ತು ಕೆರೆಗಳನ್ನೇ ನೆಚ್ಚಿಕೊಂಡ ನಾಗಮಂಗಲದ ಕಡೆ ಭರಣಿ, ಕೃತ್ತಿಕೆ, ರೋಹಿಣಿಗಳು ರಾಗಿ ಹೊಲದ ಮಾತಾಗಿ ಹೆಚ್ಚು ಕಾಲ ಉಳಿದವು. ಎಚ್.ಎಲ್. ನಾಗೇಗೌಡ ಮತ್ತು ಜೀ.ಶಂ. ಪರಮಶಿವಯ್ಯ, ಕನ್ನಡ ಜಾನಪದದ ಈ ಇಬ್ಬರು ಹಿರಿಯರೂ ಅದೇ ತಾಲ್ಲೂಕಿನಿಂದ ಬಂದವರೆಂಬುದನ್ನು ಇಲ್ಲಿ ನೆನೆಯಬೇಕು. ಆ ತಲೆಮಾರು ಪದವನ್ನು, ಕಥೆಯನ್ನು, ಕಾವ್ಯವನ್ನು ಉಳಿಸಿತು. ಟೇಪಿನ ಮೇಲೆ ಹಿಡಿಯಬಹುದಾದದ್ದು ಉಳಿಯಿತು. ಹೊತ್ತೇರುವ ಮುನ್ನ ಕಾಲಿಗೆ ಸಿಕ್ಕಿ ಅಳಿಸಿಹೋಗುವ ರಂಗೋಲಿಗೆ ಆ ಭಾಗ್ಯ ಅಷ್ಟಾಗಿ ದೊರೆಯಲಿಲ್ಲ. ಇಂದು ಹೊಸಿಲಿನ ಮುಂದೆ ಅಂಟಿಸುವ ಪ್ಲಾಸ್ಟಿಕ್ ರಂಗೋಲಿ ಅಳಿಸುವುದಿಲ್ಲ ನಿಜ. ಅದನ್ನು ಯಾವ ದಿಕ್ಕಿಗೆ ಅಂಟಿಸಿದರೂ ನಡೆಯುತ್ತದೆ ಎಂಬುದೇ ಅದರ ಬಡತನ.

ಸಂಗ್ರಹಗಳಲ್ಲಿ ಬಂದಿರುವ ರಂಗೋಲಿಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಚುಕ್ಕಿಯ ಲೆಕ್ಕ, ಎಳೆಯ ಲೆಕ್ಕ, ಹಬ್ಬದ ಹೆಸರು ಸಿಗುತ್ತವೆ. ಬರೆದವರು ಯಾವ ಕಡೆಗೆ ಮುಖಮಾಡಿ ಕೂತಿದ್ದರು, ಹೊಸಿಲು ಯಾವ ದಿಕ್ಕಿಗಿತ್ತು, ಮೊದಲ ಚುಕ್ಕಿ ಎಲ್ಲಿ ಬಿತ್ತು, ಕೈ ಯಾವ ಕಡೆಗೆ ಸುತ್ತಿತು ಎಂಬುದು ಸಿಗುವುದಿಲ್ಲ. ಅಚ್ಚಿನ ಮನೆಯಲ್ಲಿ ಚಿತ್ರ ಎಡಬಲವಾಗಿ ತಿರುಗಿದ್ದರೂ ಕಂಡುಹಿಡಿಯಲು ದಾರಿಯಿಲ್ಲ. ಧನುರ್ಮಾಸದ ಮೊದಲ ದಿನಗಳಲ್ಲಿ ಕೃತ್ತಿಕೆ ಪಡುವಣದಲ್ಲಿ ಮುಳುಗುವುದು ಬೆಳಗಿನ ಐದರ ಸುಮಾರಿಗೆ, ಅಂಗಳಕ್ಕೆ ನೀರು ಬೀಳುವ ಹೊತ್ತಿಗೆ. ಹಳ್ಳಿಗೆ ಹೋಗುವ ಸಂಗ್ರಾಹಕ ಆ ಹೊತ್ತಿಗೇ ಅಲ್ಲಿದ್ದು, ಒಂದು ದಿಕ್ಸೂಚಿಯನ್ನು ಜೊತೆಗೆ ಒಯ್ದು, ಚಿತ್ರದ ಮೂಲೆಯಲ್ಲಿ ಮೂಡಣವನ್ನು ಗುರುತಿಸಿಕೊಂಡರೆ ಸಾಕು, ಮೇಲೆ ಹೇಳಿದ್ದರಲ್ಲಿ ಎಷ್ಟು ನಿಲ್ಲುತ್ತದೆ, ಎಷ್ಟು ಬೀಳುತ್ತದೆ ಎಂಬುದನ್ನು ಪರೀಕ್ಷಿಸಲು ಬರುತ್ತದೆ.